ಹೈಡ್ರೋಸ್ ಹಾಕದ ಬೆಲ್ಲ ಮಾರಲು ಹೊರಟವರಿಗೆ: ಅಂಜಿಕೆಯನ್ನು ಲೆಕ್ಕಕ್ಕೆ ಇಳಿಸುವ ಬಗೆ

ಮಂಡ್ಯದ ಕಡೆ ಯಾರಾದರೂ ಹೈಡ್ರೋಸ್ ಹಾಕದೆ ಬೆಲ್ಲ ಮಾಡುತ್ತೇನೆ ಎಂದು ಹೊರಟರೆ ಮೊದಲು ಕೇಳಿಬರುವ ಮಾತು ಒಂದೇ: "ಕಪ್ಪು ಬೆಲ್ಲ ಯಾರು ತಗೋತಾರೆ?" ಮಂಡಿಯವರೂ ಅದನ್ನೇ ಹೇಳುತ್ತಾರೆ, ಆಲೆಮನೆಯವರೂ ಅದನ್ನೇ, ಸಾಲಕ್ಕೆ ಹೆದರಿದ ಮನೆಯವರೂ ಅದನ್ನೇ. ಆ ಮಾತಿನಲ್ಲಿ ಸುಳ್ಳಿಲ್ಲ. ಮಂಡಿಯಲ್ಲಿ ಬೆಲೆ ಕಟ್ಟುವುದು ಮುಖ್ಯವಾಗಿ ಬಣ್ಣ ನೋಡಿ. ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಬಿದ್ದರೆ ಬೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಕೆಲವು ತಿಂಗಳು ಇಟ್ಟರೆ ಅದೇ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಆದರೆ ಅಷ್ಟರಲ್ಲಿ ವ್ಯಾಪಾರ ಮುಗಿದಿರುತ್ತದೆ.

ಹಾಗಾಗಿ ಇಲ್ಲಿ ಹುಟ್ಟುವ ಅಂಜಿಕೆಗೆ ಕಾರಣವಿದೆ. ಧೈರ್ಯ ಹೇಳಿದರೆ ಅದು ಹೋಗುವುದಿಲ್ಲ. ಅದರಲ್ಲಿ ರೂಪಾಯಿ ಎಷ್ಟು, ಕೈಗೆ ಬಾರದ ಕೆಲಸ ಎಷ್ಟು, ಬರೀ ಜನರ ಮಾತು ಎಷ್ಟು ಎಂದು ಬಿಡಿಸಿಕೊಳ್ಳಬೇಕು. ಒಂದೊಂದಕ್ಕೂ ಮದ್ದು ಬೇರೆ ಬೇರೆ.

ಮೊದಲು ನಿಮ್ಮ ಮಾತನ್ನು ಚಿಕ್ಕದು ಮಾಡಿಕೊಳ್ಳಿ

ಒಳ್ಳೆಯ ಉದ್ದೇಶ ಇಟ್ಟುಕೊಂಡು ವ್ಯಾಪಾರಕ್ಕೆ ಇಳಿದವರನ್ನು ಹೆಚ್ಚು ಕಾಡುವ ಪ್ರಶ್ನೆ, "ನಾನು ಹೇಳುತ್ತಿರುವುದು ನಿಜವಾ? ಯಾರಾದರೂ ಕೇಳಿದರೆ ಏನು ಹೇಳಲಿ?" ಎಂಬುದು. ಈ ಅನುಮಾನ ಬಹುತೇಕ ಸಲ ಬರುವುದು ಪೊಟ್ಟಣಕ್ಕೆ ಹಚ್ಚುವ ಚೀಟಿಯ ಮೇಲೆ ಹೆಚ್ಚು ಹೇಳಿದ್ದರಿಂದ. 'ಸಾವಯವ', 'ಶುದ್ಧ', 'ಪಾರಂಪರಿಕ', 'ಔಷಧೀಯ ಗುಣವುಳ್ಳ' ಎಂದು ಬರೆದವರಿಗೆ ಒಳಗೊಳಗೇ ಗೊತ್ತಿರುತ್ತದೆ: ಕಬ್ಬಿಗೆ ಯೂರಿಯಾ ಬಿದ್ದಿದೆ, ಪಕ್ಕದ ಗದ್ದೆಯ ನೀರು ಹರಿದು ಬಂದಿದೆ. ಅವರು ಯಾವ ಗ್ರಾಹಕರ ಮುಂದೆಯೂ ನೆಟ್ಟಗೆ ನಿಲ್ಲಲಾರರು. ಅದೂ ಅಲ್ಲದೆ, ಪೊಟ್ಟಣದ ಮೇಲೆ 'ಸಾವಯವ' ಎಂದು ಬರೆದು ಮಾರಲು ಸಾಮಾನ್ಯವಾಗಿ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್ (ರೈತರ ಗುಂಪೇ ಒಬ್ಬರನ್ನೊಬ್ಬರು ಪರಿಶೀಲಿಸುವ) ಪದ್ಧತಿಯ ಪ್ರಮಾಣೀಕರಣ ಬೇಕು. ಬರೀ ನಂಬಿಕೆಯ ಮೇಲೆ ಆ ಪದ ಬಳಸುವಂತಿಲ್ಲ.

ನಿಮ್ಮ ಮೌಲ್ಯವನ್ನು ನಿಯಮವಾಗಿ ಬರೆಯಿರಿ. ಅದನ್ನು ಮುರಿದರೆ ಇನ್ನೊಬ್ಬರಿಗೆ ಕಾಣಬೇಕು, ಪಾಲಿಸಿದರೆ ನಿಮಗೆ ಒಂದಿಷ್ಟು ಖರ್ಚು ಬೀಳಬೇಕು. 'ಪ್ರಾಮಾಣಿಕವಾಗಿ ಮಾಡುತ್ತೇವೆ' ಎಂಬುದು ನಿಯಮವಲ್ಲ, ಅದನ್ನು ಯಾರೂ ಪರೀಕ್ಷಿಸಲು ಆಗುವುದಿಲ್ಲ. ಕೆಳಗಿನವು ನಿಯಮಗಳು:

- ಬಣ್ಣಕ್ಕಾಗಿ ಯಾವ ರಾಸಾಯನಿಕವನ್ನೂ ಹಾಕುವುದಿಲ್ಲ. ಸುಣ್ಣದ ತಿಳಿ, ಬೆಂಡೆಗಿಡದ ಲೋಳೆ, ಉಕ್ಕು ಇಳಿಸಲು ಹನಿ ಕಡಲೆಕಾಯಿ ಎಣ್ಣೆ, ಇಷ್ಟೇ. ಈ ಮೂರೂ ಚೀಟಿಯ ಮೇಲೆ ಇರುತ್ತವೆ.
- ಕಬ್ಬಿನ ಹಣ, ಕೂಲಿ ಆಯಾ ವಾರವೇ. ಮಾರಾಟವಾದ ಮೇಲೆ ಕೊಡುತ್ತೇನೆ ಎನ್ನುವುದಿಲ್ಲ.
- ಹದ ಕೆಟ್ಟ ಬೆಲ್ಲವನ್ನು ಒಳ್ಳೆಯದರ ಜೊತೆ ಬೆರೆಸುವುದಿಲ್ಲ.

ಮೂರೇ ಸಾಕು. ಹತ್ತು ಬರೆದರೆ ಮೊದಲ ಹಂಗಾಮಿನಲ್ಲೇ ನಾಲ್ಕು ಮುರಿಯುತ್ತವೆ. ಮುರಿದ ಮೇಲೆ ಉಳಿದ ಆರರ ಮೇಲೂ ನಿಮಗೇ ನಂಬಿಕೆ ಹೋಗುತ್ತದೆ. ಸುಣ್ಣ ಹಾಕುತ್ತೇವೆ ಎಂದು ಬಾಯಿಬಿಟ್ಟು ಹೇಳಲು ಅನೇಕರು ಹಿಂಜರಿಯುತ್ತಾರೆ. ಹೇಳಿ. ಹೇಳಿದ ಮೇಲೆ ಯಾರಾದರೂ ಕಂಡುಹಿಡಿದಾರು ಎಂಬ ಭಯಕ್ಕೆ ಜಾಗವಿರುವುದಿಲ್ಲ.

ಭಯದ ಪಟ್ಟಿ, ಪಕ್ಕದಲ್ಲಿ ರೂಪಾಯಿ

ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ. ಮೊದಲನೆಯದರಲ್ಲಿ 'ಏನಾಗಬಹುದು', ಎರಡನೆಯದರಲ್ಲಿ 'ಆದರೆ ಎಷ್ಟು ಹೋಗುತ್ತದೆ', ಮೂರನೆಯದರಲ್ಲಿ 'ಇದು ನಿಜವೋ ಅಲ್ಲವೋ ಎಂದು ಯಾವ ತಾರೀಖಿಗೆ, ಹೇಗೆ ತಿಳಿಯುತ್ತದೆ'. ಎರಡನೇ ಕಲಂ ತುಂಬಲು ಆಗದ ಸಾಲುಗಳು ಉಳಿದೇ ಉಳಿಯುತ್ತವೆ: 'ಓದಿಕೊಂಡು ಬೆಲ್ಲ ಮಾರ್ತಾನೆ ಅಂತಾರೆ', 'ಅತ್ತೆ ಮನೆಯವರು ನಗ್ತಾರೆ'. ಅವನ್ನು ಅಳಿಸಬೇಡಿ, ಕೆಳಗೆ ಬೇರೆ ಬರೆದಿಡಿ. ನೋವು ನಿಜವೇ, ಆದರೆ ಅದರ ಮೇಲೆ ವ್ಯಾಪಾರದ ತೀರ್ಮಾನ ತೆಗೆದುಕೊಳ್ಳುವುದು ಬೇಡ.

ಎರಡನೇ ಕಲಂ ಹೇಗೆ ತುಂಬುವುದು ಎಂದು ಒಂದು ಉದಾಹರಣೆ ನೋಡೋಣ. ಸ್ವಂತ ಆಲೆಮನೆ ಕಟ್ಟುವ ಮಾತು ಈಗ ಬೇಡ. ನಡೆಯುತ್ತಿರುವ ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಬೆಲ್ಲ ಮಾಡಿಸಿ. ಒಂದು ಟನ್ ಕಬ್ಬಿನಿಂದ ಸುಮಾರು 600 ಲೀಟರ್ ಹಾಲು, ಅದರಿಂದ ಸುಮಾರು 100 ಕೆಜಿ ಬೆಲ್ಲ ಬರುತ್ತದೆ. ಕಬ್ಬಿನ ತಳಿ, ಗಾಣದ ಶಕ್ತಿ ನೋಡಿಕೊಂಡು ಹತ್ತು ಕೆಜಿ ಆಚೀಚೆ. ಲೆಕ್ಕಕ್ಕೆ 95 ಕೆಜಿ ಹಿಡಿಯಿರಿ. ಕಬ್ಬಿಗೆ 3,500 ರೂಪಾಯಿ, ಆಲೆಮನೆ ಬಾಡಿಗೆ ಮತ್ತು ಕೂಲಿ 2,000, ಸಾಗಣೆ 800, ಪೊಟ್ಟಣ ಮತ್ತು ಚೀಟಿ 1,200 ಎಂದಿಟ್ಟುಕೊಂಡರೆ 7,500 ಆಯಿತು. ಪ್ರಯೋಗಾಲಯದ ಪರೀಕ್ಷೆಗೆ 2,500 ಎತ್ತಿಟ್ಟರೆ ಒಟ್ಟು 10,000. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ನಿಮ್ಮೂರಿನ ದರ ಹಾಕಿಕೊಂಡು ಮತ್ತೆ ಕೂಡಿ.

ಈಗ ಕೆಟ್ಟದ್ದನ್ನೇ ಊಹಿಸಿ. 20 ಕೆಜಿಯನ್ನು ಪುಕ್ಕಟೆ ಹಂಚಿದಿರಿ, ಉಳಿದ 75 ಕೆಜಿಯನ್ನು ಯಾರೂ ನೀವು ಕೇಳಿದ ಬೆಲೆಗೆ ಕೊಳ್ಳಲಿಲ್ಲ, ಮಂಡಿಗೆ ಹಾಕಿ ಕೆಜಿಗೆ 40ರಂತೆ 3,000 ಸಿಕ್ಕಿತು. ಹೋದದ್ದು 7,000. 'ಸರ್ವನಾಶ ಆಗಿಬಿಡ್ತೀವಿ' ಎಂಬ ಮಾತಿಗೆ ಈಗ ಒಂದು ಮೊತ್ತ ಬಂತು. ಆ 7,000 ಹೋದರೆ ಮನೆಯ ರೇಷನ್, ಮಕ್ಕಳ ಫೀಸು, ಸಾಲದ ಕಂತು ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಈ ಹಂಗಾಮು ಬಿಡಿ, ಹಣ ಕೂಡಿದ ಮೇಲೆ ಮಾಡಿ. ಇಲ್ಲ ಎಂದಾದರೆ ಆ ಹಣವನ್ನು ಬೇರೆ ಖಾತೆಗೆ ಹಾಕಿ, ಮನೆಯವರಿಗೆ ಮೊತ್ತ ಹೇಳಿ. ಮನೆಯವರ ವಿರೋಧ ಅರ್ಧ ಇಳಿಯುವುದು ಇಲ್ಲಿಯೇ: ಎಷ್ಟು ಹೋಗಬಹುದು ಎಂಬ ಅಂಕಿ ಅವರ ಕೈಗೂ ಸಿಗುತ್ತದೆ. ಒಡವೆ ಅಡ ಇಟ್ಟು ಮೊದಲ ಕೊಪ್ಪರಿಗೆ ಇಳಿಸಬೇಡಿ. ಆ ಒತ್ತಡದಲ್ಲಿ ನಿಯಮ ಮುರಿಯುವ ಸಾಧ್ಯತೆ ಬಹಳ ಹೆಚ್ಚು.

ಕೈಗೆ ಕೆಲಸ ಬರದೆ ಧೈರ್ಯ ಬಾರದು

'ನನ್ನಿಂದ ಆಗುತ್ತಾ' ಎಂಬ ಅನುಮಾನಕ್ಕೆ ಕೊಪ್ಪರಿಗೆಯ ಪಕ್ಕದಲ್ಲೇ ಉತ್ತರ ಸಿಗುತ್ತದೆ. ಬೆಲ್ಲ ಕಪ್ಪಾಗುವುದಕ್ಕೂ ಗಟ್ಟಿಯಾಗದಿರುವುದಕ್ಕೂ ಕಾರಣಗಳಿವೆ. ಅವು ತಿಳಿದರೆ ಹೈಡ್ರೋಸ್ ಇಲ್ಲದೆಯೂ ಬೆಲ್ಲ ಕಂದು ಬಂಗಾರದ ಬಣ್ಣಕ್ಕೆ ನಿಲ್ಲುತ್ತದೆ, ಇದ್ದಿಲಿನಂತೆ ಆಗುವುದಿಲ್ಲ.

ಕಬ್ಬು ಬಲಿತಿರಬೇಕು. ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಜಲ್ಲೆಯ ಬುಡದ ಹಾಲು, ತುದಿಯ ಹಾಲು ಎರಡನ್ನೂ ನೋಡಿ. ಬ್ರಿಕ್ಸ್, ಅಂದರೆ ಹಾಲಿನ ಸಿಹಿಯ ಅಳತೆ, 18ಕ್ಕೆ ಮೇಲಿದ್ದು ಎರಡೂ ಹತ್ತಿರ ಹತ್ತಿರ ಇದ್ದರೆ ಕಡಿಯಬಹುದು. ಕಡಿದ 24 ಗಂಟೆಯೊಳಗೆ ಗಾಣಕ್ಕೆ ಕೊಡಿ. ಕಡಿದು ಬಿಟ್ಟ ಕಬ್ಬಿನಲ್ಲಿ ಸಕ್ಕರೆ ಒಡೆಯುತ್ತಾ ಹೋಗುತ್ತದೆ, ಆ ಬೆಲ್ಲ ಅಂಟಾಗಿಯೇ ಉಳಿಯುತ್ತದೆ. ಕಟಾವಿನ ಹತ್ತಿರ ಯೂರಿಯಾ ಹೆಚ್ಚು ಬಿದ್ದ ಕಬ್ಬು, ಚೌಳು ಭೂಮಿಯ ಕಬ್ಬು ಎರಡೂ ಬೇಡ. ಮೊದಲನೆಯದು ಬಣ್ಣ ಕೆಡಿಸುತ್ತದೆ, ಎರಡನೆಯದು ಬಾಯಿಗೆ ಉಪ್ಪುಪ್ಪು.

ಹಾಲನ್ನು ಬಟ್ಟೆಯಲ್ಲಿ ಸೋಸಿ ಕೊಪ್ಪರಿಗೆಗೆ ಬಿಡಿ. ಬೆಂಡೆಗಿಡದ ಕಾಂಡವನ್ನು ಜಜ್ಜಿ ನೀರಲ್ಲಿ ನೆನೆಸಿ ಲೋಳೆ ತೆಗೆದಿಟ್ಟಿರಿ. ಕಬ್ಬಿನ ಹಾಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸಾಮಾನ್ಯವಾಗಿ 5.2ರ ಆಸುಪಾಸು. ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಪಿಎಚ್ ಕಾಗದದಲ್ಲಿ 6ರಿಂದ 6.4ಕ್ಕೆ ತನ್ನಿ. ಅಂದಾಜಿಗೆ ಸುರಿಯುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪು, ಕಡಿಮೆಯಾದರೆ ಮೆದು. ಹಾಲು ಜೋರಾಗಿ ಕುದಿಯುವ ಮೊದಲೇ, ಸುಮಾರು 85 ಡಿಗ್ರಿಗೆ ಬಂದಾಗ, ಮಡ್ಡಿ ದಪ್ಪ ಕೆನೆಯಂತೆ ಮೇಲೆ ಕಟ್ಟುತ್ತದೆ. ಉರಿ ತಗ್ಗಿಸಿ ಅದನ್ನು ಪೂರ್ತಿ ತೆಗೆಯಿರಿ. ಅವಸರದಲ್ಲಿ ಮಡ್ಡಿ ಕುದಿಯಲ್ಲಿ ಬೆರೆತುಹೋದರೆ ಆಮೇಲೆ ಏನು ಮಾಡಿದರೂ ಬಣ್ಣ ಬಾರದು. ಹೈಡ್ರೋಸ್ ಹಾಕುವವರು ಈ ಹಂತದಲ್ಲಿ ಕೈ ಸಡಿಲ ಬಿಡುತ್ತಾರೆ, ನಿಮಗೆ ಆ ಅನುಕೂಲವಿಲ್ಲ. ಮಡ್ಡಿ ತೆಗೆದ ಮೇಲೆ ಉರಿ ಜೋರು ಮಾಡಿ. ಮಂದ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದರೂ ಬೆಲ್ಲ ಕಪ್ಪಾಗುತ್ತದೆ.

ಅಚ್ಚು ಬೆಲ್ಲಕ್ಕೆ ಪಾಕ ಇಳಿಸುವುದು 116ರಿಂದ 118 ಡಿಗ್ರಿಗೆ, ಪುಡಿ ಬೆಲ್ಲಕ್ಕೆ 120ರಿಂದ 122ಕ್ಕೆ, ನೀರಾಗಿರುವ ಜೋನಿ ಬೆಲ್ಲಕ್ಕೆ 105ರ ಸುಮಾರಿಗೆ. ಪಾಕ ನೋಡುವ ಹಿರಿಯರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ಹೇಳಿಬಿಡುತ್ತಾರೆ. ಅವರು ಹೇಳುವಾಗ ನೀವು ಥರ್ಮಾಮೀಟರ್ ನೋಡಿ ಬರೆದುಕೊಳ್ಳಿ. ತಾರೀಖು, ಯಾರ ಗದ್ದೆಯ ಕಬ್ಬು, ಬ್ರಿಕ್ಸ್, ಪಿಎಚ್, ಇಳಿಸಿದ ಡಿಗ್ರಿ, ಬಂದ ತೂಕ, ಬಣ್ಣ. ನಾಲ್ಕಾರು ಕೊಪ್ಪರಿಗೆಯ ಲೆಕ್ಕ ಪುಸ್ತಕದಲ್ಲಿ ಇದ್ದರೆ, ಕೆಟ್ಟ ದಿನ 'ನನಗೆ ಇದು ಬರಲ್ಲ' ಎನ್ನುವ ಬದಲು 'ಈ ಸಲ ಪಿಎಚ್ 6.8 ಹೋಗಿತ್ತು' ಎನ್ನಲು ಬರುತ್ತದೆ. ಕಲಿಯಲು ಜಾಗ ಬೇಕಿದ್ದರೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕಬ್ಬು ಮತ್ತು ಬೆಲ್ಲದ ಮೇಲೆ ಕೆಲಸ ನಡೆಯುತ್ತದೆ, ಅಲ್ಲಿ ವಿಚಾರಿಸಿ.

ಆಲೆಮನೆಯಲ್ಲಿ ಆಡಬೇಕಾದ ಮಾತು

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಪಾಕ ನೋಡುವವರಿಗೆ ಬಿಳುಪಾದ ಬೆಲ್ಲವೇ ಕೈಗುಣದ ಗುರುತು. 'ಹಾಕಬೇಡಿ' ಎಂದು ಹೇಳಿ ನೀವು ಊಟಕ್ಕೆ ಹೋದರೆ, ನಿಮ್ಮ ಬೆಲ್ಲ ಕೆಡದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಒಂದು ಹಿಡಿ ಹೈಡ್ರೋಸ್ ಬೀಳಬಹುದು. ಹಿಂದಿನ ರಾತ್ರಿಯೇ ಕೂತು ಮಾತಾಡಿ: "ಅಣ್ಣಾ, ಬಣ್ಣ ಹೆಂಗೆ ಬಂದ್ರೂ ಕೂಲಿ ಇಷ್ಟೇ, ಕಮ್ಮಿ ಮಾಡಲ್ಲ. ಮಡ್ಡಿ ಪೂರ್ತಿ ತೆಗೆದುಕೊಡಿ, ಅದಕ್ಕೆ ಇನ್ನೂರು ಜಾಸ್ತಿ ಕೊಡ್ತೀನಿ." ಕೂಲಿಯನ್ನು ಬಣ್ಣದಿಂದ ಬಿಡಿಸಿದರೆ ಅವರ ಅಂಜಿಕೆಯೂ ಹೋಗುತ್ತದೆ. ಆ ದಿನ ಹೈಡ್ರೋಸ್ ಡಬ್ಬಿ ಆಲೆಮನೆಯ ಒಳಗೆ ಇರಕೂಡದು. ಕೊಪ್ಪರಿಗೆ, ಪಾಕ ಸುರಿಯುವ ದೋಣಿ, ಅಚ್ಚು ಎಲ್ಲವನ್ನೂ ತೊಳೆಸಿ ಶುರುಮಾಡಿ.

ಮೊದಲ ಬೆಲ್ಲದ ಒಂದು ಮಾದರಿಯನ್ನು ಗಂಧಕದ ಡೈಆಕ್ಸೈಡ್ ಪರೀಕ್ಷೆಗೆ ಕಳಿಸಿ, ಹೈಡ್ರೋಸ್ ಬಿದ್ದಿದ್ದರೆ ಅದರ ಗುರುತು ಇದರಲ್ಲೇ ಸಿಗುವುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಥವಾ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯ ಆಗುತ್ತದೆ. ಎಷ್ಟು ಮಾದರಿ ಬೇಕು, ಶುಲ್ಕ ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಬೆಲ್ಲಕ್ಕೆ ಕಾನೂನಿನ ಮಿತಿ ಕೆಜಿಗೆ 70 ಮಿಲಿಗ್ರಾಂ. ನಿಮ್ಮದು ಅದಕ್ಕಿಂತ ಎಷ್ಟೋ ಕೆಳಗೆ ಬರಬೇಕು. ಬರದಿದ್ದರೆ ಎಲ್ಲಿಂದಲೋ ಹೈಡ್ರೋಸ್ ಸೇರಿದೆ, ಆ ಬೆಲ್ಲವನ್ನು ನಿಮ್ಮ ಚೀಟಿ ಹಚ್ಚಿ ಮಾರಬೇಡಿ. ವರದಿ ಕೈಯಲ್ಲಿದ್ದರೆ ಗ್ರಾಹಕರ ಪ್ರಶ್ನೆಗೆ ಗಂಟಲು ಒಣಗುವುದಿಲ್ಲ.

ಕಾಗದಪತ್ರದ ಭಯಕ್ಕೆ ಹೆಚ್ಚು ಹೊತ್ತು ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಆನ್‌ಲೈನಿನಲ್ಲಿ ಆಗುತ್ತದೆ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಪುಕ್ಕಟೆ. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ತಯಾರಾದ ತಿಂಗಳು, ದೂರಿಗೆ ಫೋನ್ ನಂಬರ್ ಇರಬೇಕು. ಪೊಟ್ಟಣ ಕಟ್ಟಿ ಚೀಟಿ ಹಚ್ಚಿದ ಬೆಲ್ಲ 2022ರ ಜುಲೈ 18ರಿಂದ ಜಿಎಸ್‌ಟಿ ವ್ಯಾಪ್ತಿಗೆ ಬಂದಿದೆ, ನಿಮ್ಮ ವಹಿವಾಟಿಗೆ ಏನು ಅನ್ವಯ ಎಂದು ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿದರೆ ಮುಗಿಯಿತು.

ಬೆಲೆ ಹೇಳುವಾಗ ದನಿ ತಗ್ಗದಿರಲು

ಒಳ್ಳೆಯ ಕೆಲಸ ಮಾಡುವವರು ಹೆಚ್ಚಾಗಿ ಸೋಲುವುದು ಇಲ್ಲೇ. ಹೆಚ್ಚು ಕೇಳಿದರೆ ದುರಾಸೆ ಅಂದುಕೊಂಡಾರು ಎಂದು ಹೆದರಿ ಕಡಿಮೆ ಹೇಳುತ್ತಾರೆ, ಆಮೇಲೆ ನಷ್ಟ ತುಂಬಲು ನಿಯಮ ಮುರಿಯುತ್ತಾರೆ.

ಮೇಲಿನ ಲೆಕ್ಕದಲ್ಲಿ ಪರೀಕ್ಷೆಯ ಖರ್ಚು ಬಿಟ್ಟು 7,500ಕ್ಕೆ 95 ಕೆಜಿ, ಅಂದರೆ ಕೆಜಿಗೆ 79 ರೂಪಾಯಿ ಬಿತ್ತು. ನಿಮ್ಮ ದುಡಿಮೆಗೆ 15, ಒಡೆದದ್ದು ನೀರು ಬಿಟ್ಟದ್ದಕ್ಕೆ 5 ಸೇರಿಸಿದರೆ 99. ಅಂಗಡಿಯವರಿಗೆ ಶೇ. 20 ಬಿಡಬೇಕು ಎಂದಿಟ್ಟುಕೊಳ್ಳಿ. 130ಕ್ಕೆ ಎಂಆರ್‌ಪಿ ಇಟ್ಟರೆ ಕೈಗೆ 104, ತೆರಿಗೆ ಬಿದ್ದರೆ ಅದನ್ನೂ ಕಳೆಯಬೇಕು. 'ಜಾಸ್ತಿ ಆಯ್ತೇನೋ' ಎಂದು 110ಕ್ಕೆ ಇಳಿಸಿದರೆ ಕೈಗೆ 88, ಪ್ರತಿ ಕೆಜಿಗೆ 11 ರೂಪಾಯಿ ನೀವೇ ಕೊಟ್ಟು ಮಾರಿದಂತೆ. ಈ ಎರಡು ಸಾಲು ಬರೆದು ಗಲ್ಲಾ ಪೆಟ್ಟಿಗೆಯೊಳಗೆ ಅಂಟಿಸಿ.

ಗ್ರಾಹಕರು "ಮಾರ್ಕೆಟ್ಟಲ್ಲಿ ಅರವತ್ತಕ್ಕೆ ಸಿಗುತ್ತಲ್ರೀ" ಅಂದಾಗ ವಾದ ಬೇಡ, ಬೇರೆಯವರ ಬೆಲ್ಲವನ್ನು ಹಳಿಯುವುದೂ ಬೇಡ. "ಹೌದು ಅಮ್ಮ, ಸಿಗುತ್ತೆ. ಇದಕ್ಕೆ ಬಣ್ಣದ ಪುಡಿ ಹಾಕಿಲ್ಲ, ವರದಿ ಇಲ್ಲಿದೆ. ಕೆಜಿಗೆ ನೂರಾ ಮೂವತ್ತು, ಕಾಲು ಕೆಜಿ ಪೊಟ್ಟಣನೂ ಇದೆ." ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ತಡೆಯಲಾರದೆ 'ನಿಮಗೆ ನೂರಕ್ಕೆ ಕೊಡ್ತೀನಿ' ಎಂದುಬಿಡುವುದೇ ಹೊಸಬರು ಎಡವುವ ಜಾಗ. ಬೆಲೆ ಇಳಿಸುವ ಬದಲು ಪೊಟ್ಟಣ ಚಿಕ್ಕದು ಮಾಡಿ. ಮನೆಯಲ್ಲಿ ಯಾರನ್ನಾದರೂ ಚೌಕಾಸಿ ಮಾಡಲು ಕೂರಿಸಿ ಹತ್ತು ಸಲ ಬಾಯಿಬಿಟ್ಟು ಹೇಳಿ ರೂಢಿಸಿಕೊಳ್ಳಿ. ಉದ್ರಿಗೂ ಮೊದಲೇ ಒಂದು ಮಿತಿ ಇರಲಿ: ಅಂಗಡಿಗೆ ಒಂದೇ ಸರಕು, ಅದರ ಹಣ ಬಂದ ಮೇಲೆ ಮುಂದಿನದು.

ಯಾರಿಗೆ ಮೊದಲು ಮಾರುವುದು

ನೆಂಟರಿಗೆ ಬೇಡ. ಅವರ ಹೊಗಳಿಕೆಯೂ ಸಾಕ್ಷಿಯಲ್ಲ, ಮೂಗುಮುರಿಯುವುದೂ ಸಾಕ್ಷಿಯಲ್ಲ. ಸಂಕ್ರಾಂತಿಯ ವಾರದಲ್ಲೂ ಬೇಡ. ಎಳ್ಳು ಬೆಲ್ಲಕ್ಕೆ ಜನ ತಿಳಿ ಬಣ್ಣದ ಅಚ್ಚನ್ನೇ ಹುಡುಕುತ್ತಾರೆ, ನಿಮ್ಮ ಕಂದು ಬೆಲ್ಲ ಅಲ್ಲಿ ಹಿಂದೆ ಬೀಳುತ್ತದೆ. ನೀವು ಅದನ್ನು ಇಡೀ ವ್ಯಾಪಾರದ ಸೋಲು ಎಂದು ಓದಿಕೊಳ್ಳುತ್ತೀರಿ. ದಿನಾ ಕಾಫಿ, ಪಾಯಸ, ಸಾರಿಗೆ ಬೆಲ್ಲ ಬಳಸುವ, ನಿಮ್ಮ ಪರಿಚಯವಿಲ್ಲದ 20 ಮನೆಗಳಿಗೆ ಒಂದೊಂದು ಕೆಜಿ ಪೂರ್ತಿ ಬೆಲೆಗೆ ಮಾರಲು ನೋಡಿ. 'ಹೇಗಿದೆ' ಎಂದು ಕೇಳಬೇಡಿ, ಮುಖದ ಮೇಲೆ ಚೆನ್ನಾಗಿಲ್ಲ ಎನ್ನುವವರು ಕಡಿಮೆ. ಬೆಲ್ಲ ತೀರುವ ಹೊತ್ತಿಗೆ "ಇನ್ನೊಂದು ಕೆಜಿ ತಂದುಕೊಡ್ಲಾ?" ಎಂದು ಕೇಳಿ, ಬಂದ ಉತ್ತರ ಬರೆದಿಟ್ಟುಕೊಳ್ಳಿ.

ದೂರು ಬಂದ ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಹೀರಿ ಬೆಲ್ಲ ನೀರು ಬಿಡುತ್ತದೆ, ಬೂಸ್ಟು ಹಿಡಿಯುತ್ತದೆ. ಹೈಡ್ರೋಸ್ ಇಲ್ಲದ ಬೆಲ್ಲಕ್ಕೆ ಮಾತ್ರ ಬರುವ ರೋಗವಲ್ಲ ಇದು, ಆದರೆ ದೂರು ಬಂದಾಗ ನಿಮ್ಮ ಮನಸ್ಸು ಹಾಗೇ ಹೇಳುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿ ಅಥವಾ ದಪ್ಪ ಪೊಟ್ಟಣಕ್ಕೆ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ಬಿಸಿ ಇರುವಾಗ ತುಂಬಿದರೆ ಒಳಗೇ ಬೆವರುತ್ತದೆ.

ಪ್ರತಿ ಪೊಟ್ಟಣಕ್ಕೆ ಕೊಪ್ಪರಿಗೆಯ ನಂಬರ್ ಹಾಕಿ, ಯಾರಿಗೆ ಯಾವ ನಂಬರ್ ಹೋಯಿತು ಎಂದು ಬರೆದಿಡಿ. ದೂರು ಬಂದಾಗ ಮೊದಲು ನಂಬರ್ ಕೇಳಿ, ಆಮೇಲೆ ಎಲ್ಲಿ ಇಟ್ಟಿದ್ದರು ಎಂದು ಕೇಳಿ, ಫೋಟೋ ತರಿಸಿಕೊಳ್ಳಿ. ಆ ದಿನವೇ ಹಣ ಹಿಂತಿರುಗಿಸಿ. ಅದೇ ನಂಬರಿನ ಬೆಲ್ಲ ಪಡೆದ ಇನ್ನೂ ಇಬ್ಬರಿಗೆ ನೀವೇ ಫೋನ್ ಮಾಡಿ ಕೇಳಿ. ಮೂವರಲ್ಲೂ ಅದೇ ಇದ್ದರೆ ತಪ್ಪು ಕೊಪ್ಪರಿಗೆಯದು, ಆ ನಂಬರಿನದ್ದೆಲ್ಲ ವಾಪಸ್ ತರಿಸಿ. ಒಬ್ಬರಲ್ಲೇ ಇದ್ದರೆ ಇಟ್ಟ ಜಾಗದ್ದು. ಅಂಗಡಿ ಮುಚ್ಚುವ, ತಯಾರಿಕೆಯ ಕ್ರಮ ಬದಲಿಸುವ ತೀರ್ಮಾನವನ್ನು ದೂರು ಬಂದ ರಾತ್ರಿ ತೆಗೆದುಕೊಳ್ಳಬೇಡಿ. ಎರಡು ದಿನ ಬಿಟ್ಟು ಪುಸ್ತಕ ತೆರೆದು ನೋಡಿ.

ಇಷ್ಟೆಲ್ಲ ಮಾಡಿಯೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ, ಅದು ವ್ಯಾಪಾರದ ಲೆಕ್ಕದಿಂದ ಬಗೆಹರಿಯುವಂಥದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಮುಂದುವರಿಯುವುದೋ ಬಿಡುವುದೋ

ಇದಕ್ಕೂ ನಿಯಮವನ್ನು ಶುರುವಿಗೆ ಮೊದಲೇ ಬರೆಯಿರಿ, ಮಧ್ಯದಲ್ಲಿ ಬರೆದರೆ ಆ ದಿನದ ಮನಸ್ಸೇ ಬರೆಯುತ್ತದೆ. ಮಾರಿದ ಆರು ವಾರಕ್ಕೆ 20 ಮನೆಗಳಲ್ಲಿ 8 ಅಥವಾ ಹೆಚ್ಚು ಮನೆಗಳು ಮತ್ತೆ ಹಣ ಕೊಟ್ಟು ಕೊಂಡಿದ್ದರೆ ಎರಡನೇ ಸಲ ಎರಡು ಟನ್ನಿಗೆ ಹೋಗಿ, ಹತ್ತಕ್ಕಲ್ಲ. 4ರಿಂದ 7 ಮನೆಗಳಾದರೆ ಮತ್ತೆ ಒಂದೇ ಟನ್, ಆದರೆ ಒಂದನ್ನು ಬದಲಿಸಿ: ಅಚ್ಚಿನ ಬದಲು ಪುಡಿ, ಇಲ್ಲವೇ ಕೆಜಿಯ ಬದಲು ಕಾಲು ಕೆಜಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ನಾಲ್ಕಕ್ಕಿಂತ ಕಡಿಮೆಯಾದರೆ ಕೊಳ್ಳದವರಲ್ಲಿ ಐದು ಮನೆಗೆ ಹೋಗಿ, ಈಗ ಯಾವ ಬೆಲ್ಲ ತರುತ್ತಿದ್ದಾರೆ, ಯಾಕೆ ಎಂದು ಕೇಳಿ ಬರೆದುಕೊಂಡು ಬನ್ನಿ. ಅದಾಗುವವರೆಗೆ ಮುಂದಿನ ಕೊಪ್ಪರಿಗೆಗೆ ಕಬ್ಬು ಹೇಳಬೇಡಿ.